ಕೌನ್ಸೆಲಿಂಗ್ ಖರ್ಚಿಗೆ ಆರೋಗ್ಯ ವಿಮೆ: ದಾವಣಗೆರೆಯಲ್ಲಿ ಒಪಿಡಿ ರೈಡರ್ ನಿಜಕ್ಕೂ ಎಷ್ಟು ಕೊಡುತ್ತದೆ?

ಒಪಿಡಿ ಎಂದರೆ ಆಸ್ಪತ್ರೆಗೆ ದಾಖಲಾಗದೆ ಪಡೆಯುವ ಹೊರರೋಗಿ ಚಿಕಿತ್ಸೆ. ಅದರ ಖರ್ಚಿಗೆಂದು ಮೂಲ (ಬೇಸ್) ಪಾಲಿಸಿಗೆ ಹೆಚ್ಚಿನ ಪ್ರೀಮಿಯಂ ಕಟ್ಟಿ ಸೇರಿಸಿಕೊಳ್ಳುವ ಸೌಲಭ್ಯವೇ ಒಪಿಡಿ ರೈಡರ್. ಮೊದಲು ತೀರ್ಪು ಹೇಳಿಬಿಡುತ್ತೇವೆ. ಬರೀ ಮನೋವೈದ್ಯರ ಫೀಸು, ಕೌನ್ಸೆಲಿಂಗ್, ಮಾತ್ರೆ ಇಷ್ಟಕ್ಕೇ ಎಂದು ಕೈಯಿಂದ ಪ್ರೀಮಿಯಂ ಕಟ್ಟಿ ಒಪಿಡಿ ರೈಡರ್ ಹಾಕಿಸಿಕೊಂಡರೆ ದಾವಣಗೆರೆ, ಚಿತ್ರದುರ್ಗ ಕಡೆಯ ಹೆಚ್ಚಿನ ಮನೆಗಳಿಗೆ ಹಣ ಉಳಿಯುವುದಿಲ್ಲ. ಕೆಲಸ ಮಾಡುವ ಕಂಪನಿಯೇ ಗ್ರೂಪ್ ಪಾಲಿಸಿಯಲ್ಲಿ ಒಪಿಡಿ ಕೊಟ್ಟಿದ್ದರೆ ಮಾತು ಬೇರೆ. ಅದರಲ್ಲಿ ಒಂದು ರೂಪಾಯಿಯನ್ನೂ ಬಿಡಬೇಡಿ. ಇನ್ನು ಆಸ್ಪತ್ರೆಗೆ ದಾಖಲಾಗುವ ಮಟ್ಟದ ಮಾನಸಿಕ ಕಾಯಿಲೆಗೆ ಸಾಮಾನ್ಯ ಮೆಡಿಕ್ಲೇಮ್ ಪಾಲಿಸಿ ಒಳ್ಳೆಯ ಆಸರೆ. ಜನ ಅದನ್ನು ಬಳಸಬೇಕಾದಷ್ಟು ಬಳಸುತ್ತಿಲ್ಲ.

ವಿಮಾ ಕಂಪನಿಗಳ ಹೆಸರನ್ನು ಇಲ್ಲಿ ಬರೆದಿಲ್ಲ. ಒಂದೇ ಕಂಪನಿಯ ಎರಡು ಪ್ಲಾನ್‌ಗಳಲ್ಲೇ ಒಪಿಡಿ ನಿಯಮ ಬೇರೆಬೇರೆ ಇರುತ್ತದೆ. ಹೆಸರು ನೋಡಿ ಕೊಂಡವರು ಕ್ಲೇಮ್ ಹಾಕುವ ದಿನ ಪೇಚಿಗೆ ಸಿಕ್ಕುತ್ತಾರೆ. ನೋಡಬೇಕಾದ್ದು ಪಾಲಿಸಿಯ ಷರತ್ತುಗಳ ಪುಸ್ತಕ, ಅದರಲ್ಲೂ ಎರಡು ಮೂರು ಸಾಲು. ಅವು ಯಾವುವು ಎಂಬುದೇ ಈ ಬರಹದ ಮುಖ್ಯ ವಿಷಯ.

ಕಾನೂನು ಏನು ಕೊಟ್ಟಿದೆ

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 21ನೇ ಸೆಕ್ಷನ್ನಿನ 4ನೇ ಉಪಸೆಕ್ಷನ್ ಹೇಳುವುದು ಇಷ್ಟು: ದೈಹಿಕ ಕಾಯಿಲೆಗೆ ಯಾವ ರೀತಿಯಲ್ಲಿ ವಿಮೆ ಕೊಡುತ್ತೀರೋ ಮಾನಸಿಕ ಕಾಯಿಲೆಗೂ ಅದೇ ರೀತಿ ಕೊಡಬೇಕು. ಕಾಯ್ದೆ 2018ರಲ್ಲಿ ಜಾರಿಗೆ ಬಂತು. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಅದೇ ವರ್ಷ ಆಗಸ್ಟ್‌ನಲ್ಲಿ ಸುತ್ತೋಲೆ ಹೊರಡಿಸಿತು. ಆದರೂ ಎಳೆದಾಟ ನಡೆದಿದ್ದರಿಂದ 2022ರ ಅಕ್ಟೋಬರ್ 31ರೊಳಗೆ ಎಲ್ಲ ಪಾಲಿಸಿಗಳೂ ಇದಕ್ಕೆ ಹೊಂದಿಕೊಳ್ಳಬೇಕು ಎಂದು ಗಡುವು ಕೊಟ್ಟಿತು. ಹಾಗಾಗಿ ಖಿನ್ನತೆ, ಆತಂಕದ ಕಾಯಿಲೆ, ಗೀಳು, ಬೈಪೋಲಾರ್, ಸ್ಕಿಜೋಫ್ರೇನಿಯಾ ಇವುಗಳನ್ನು "ಮಾನಸಿಕ ಕಾಯಿಲೆ" ಎಂಬ ಒಂದೇ ಕಾರಣಕ್ಕೆ ಪಾಲಿಸಿಯಿಂದ ಹೊರಗಿಡಲು ಈಗ ಬರುವುದಿಲ್ಲ.

ಹಾಗಾದರೆ ಕೌನ್ಸೆಲಿಂಗ್‌ಗೆ ದುಡ್ಡು ಯಾಕೆ ಬರುವುದಿಲ್ಲ? ಕಾಯ್ದೆ ಕೊಟ್ಟದ್ದು ಸಮಾನತೆಯನ್ನು. ಮಂಡಿನೋವಿಗೆ ಡಾಕ್ಟರ ಹತ್ತಿರ ಹೋಗಿ ಬಂದ ಫೀಸನ್ನು ಸಾಮಾನ್ಯ ಮೆಡಿಕ್ಲೇಮ್ ಕೊಡುವುದಿಲ್ಲ. 24 ಗಂಟೆ ದಾಖಲಾದರೆ ಕೊಡುತ್ತದೆ. ಮನಸ್ಸಿನ ಕಾಯಿಲೆಗೂ ಅದೇ ಲೆಕ್ಕ. ವಾರಕ್ಕೊಮ್ಮೆ 45 ನಿಮಿಷ ಕೂತು ಮಾತಾಡುವ ಚಿಕಿತ್ಸೆ (ಸೈಕೋಥೆರಪಿ) ಪೂರ್ತಿ ಒಪಿಡಿ ಬಾಬ್ತು. ಒಪಿಡಿ ಸೌಲಭ್ಯ ಬೇಸ್ ಪಾಲಿಸಿಯಲ್ಲಿ ಇಲ್ಲದಿದ್ದರೆ ಕೌನ್ಸೆಲಿಂಗ್ ಕೂಡ ಇಲ್ಲ.

ಇದೇ ವಾದವನ್ನು ತಿರುಗಿಸಿಯೂ ಹಿಡಿಯಬಹುದು. ನೀವು ಕೊಂಡ ರೈಡರ್ ಎಲುಬಿನ ತಜ್ಞರಿಗೆ, ಚರ್ಮದ ತಜ್ಞರಿಗೆ ಹಣ ಕೊಟ್ಟು ಮನೋವೈದ್ಯರಿಗೆ ಮಾತ್ರ ಇಲ್ಲ ಎಂದರೆ 21(4) ಉಲ್ಲೇಖಿಸಿ ದೂರು ಕೊಡಲು ಗಟ್ಟಿ ಕಾರಣ ಇದೆ.

ಕ್ಲೇಮ್ ಬೀಳುವ ಸಾಲು

ಪಾಲಿಸಿ ಪುಸ್ತಕದ ಆರಂಭದಲ್ಲಿ ವ್ಯಾಖ್ಯೆಗಳ ಭಾಗ ಇರುತ್ತದೆ. ಅಲ್ಲಿ "ಮೆಡಿಕಲ್ ಪ್ರಾಕ್ಟೀಷನರ್" ಎಂದರೆ ಯಾರು ಎಂದು ಬರೆದಿರುತ್ತಾರೆ: ರಾಜ್ಯ ವೈದ್ಯಕೀಯ ಪರಿಷತ್ತು ಇಲ್ಲವೇ ಆಯುಷ್, ಹೋಮಿಯೋಪಥಿ ಪರಿಷತ್ತುಗಳಲ್ಲಿ ನೋಂದಾಯಿಸಿದವರು. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಎಂಡಿ ಅಥವಾ ಡಿಪಿಎಂ ಓದಿದವರು, ಹಾಗಾಗಿ ಈ ಸಾಲಿನೊಳಗೆ ಬರುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ನೋಂದಾಯಿಸುವುದು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ. ಅದು ವೈದ್ಯಕೀಯ ಪರಿಷತ್ತಲ್ಲ. ಇನ್ನು ಎಂಎಸ್‌ಡಬ್ಲ್ಯು ಅಥವಾ ಸೈಕಾಲಜಿ ಎಂಎ ಮಾಡಿ ಕೌನ್ಸೆಲಿಂಗ್ ನಡೆಸುವವರು ಈ ಎರಡರಲ್ಲೂ ಇರದೇ ಇರಬಹುದು. ಅವರ ಕೆಲಸ ಕಳಪೆ ಎಂದು ಇದರ ಅರ್ಥವಲ್ಲ. ಬಹಳ ಒಳ್ಳೆಯ ಆಪ್ತಸಮಾಲೋಚಕರು ನಮ್ಮ ಜಿಲ್ಲೆಗಳಲ್ಲಿ ಇದ್ದಾರೆ. ಆದರೆ ಕ್ಲೇಮ್ ಪರಿಶೀಲಿಸುವವರು ಹುಡುಕುವುದು ನೋಂದಣಿ ಸಂಖ್ಯೆಯನ್ನು.

ಆದ್ದರಿಂದ ರೈಡರ್ ಕೊಳ್ಳುವ ಮೊದಲು ಕಂಪನಿಗೆ ಇಮೇಲ್‌ನಲ್ಲೇ ಕೇಳಿ: "ಆರ್‌ಸಿಐ ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ನಡೆಸುವ ಸೈಕೋಥೆರಪಿ ಸೆಷನ್ನಿನ ಶುಲ್ಕ ಈ ರೈಡರ್‌ನಲ್ಲಿ ಸೇರುತ್ತದೆಯೇ? ಸೇರಿದರೆ ಒಂದು ಸೆಷನ್‌ಗೆ ಎಷ್ಟು, ವರ್ಷಕ್ಕೆ ಎಷ್ಟು? ಮನೋವೈದ್ಯರ ಚೀಟಿ ಬೇಕೇ?" ಉತ್ತರ ಬರಹದಲ್ಲಿ ಬರಲಿ. ಏಜೆಂಟರು ಫೋನಿನಲ್ಲಿ "ಎಲ್ಲಾ ಕವರ್ ಆಗುತ್ತೆ ಸಾರ್" ಎಂದದ್ದು ಆಮೇಲೆ ಯಾವ ಕಟ್ಟೆಯಲ್ಲೂ ನಿಲ್ಲುವುದಿಲ್ಲ.

ಸೇರುವುದಿಲ್ಲ ಎಂಬ ಉತ್ತರ ಬಂದರೂ ಒಂದು ನ್ಯಾಯವಾದ ದಾರಿ ಉಳಿದಿದೆ. ಮನೋವೈದ್ಯಕೀಯ ವಿಭಾಗ ಇರುವ ಆಸ್ಪತ್ರೆಯಲ್ಲಿ ಮನೋವೈದ್ಯರೇ ಸೈಕೋಥೆರಪಿ ಬರೆದುಕೊಟ್ಟು, ಆಸ್ಪತ್ರೆಯ ಸೈಕಾಲಜಿಸ್ಟ್ ಸೆಷನ್ ನಡೆಸಿ, ಬಿಲ್ ಆಸ್ಪತ್ರೆಯ ಹೆಸರಲ್ಲಿ ಬಂದರೆ ಕ್ಲೇಮ್ ಗಟ್ಟಿಯಾಗುತ್ತದೆ. ದಾವಣಗೆರೆಯ ಮಟ್ಟಿಗೆ ಇದು ಅನುಕೂಲದ ಸಂಗತಿ, ಏಕೆಂದರೆ ಎರಡು ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು ಊರಲ್ಲೇ ಇವೆ: ಜೆಜೆಎಂ ಕಾಲೇಜಿಗೆ ಸೇರಿದ ಬಾಪೂಜಿ ಆಸ್ಪತ್ರೆ ಮತ್ತು ಎಸ್‌ಎಸ್ ಹೈಟೆಕ್ ಆಸ್ಪತ್ರೆ. ಚಿತ್ರದುರ್ಗದವರಿಗೆ ಬಸವೇಶ್ವರ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಕಾಲೇಜು ಆಸ್ಪತ್ರೆಯ ಒಪಿಡಿಯಲ್ಲಿ ಕಾಯಬೇಕಾಗುತ್ತದೆ, ಪ್ರತಿ ಸಲ ಅದೇ ಸೈಕಾಲಜಿಸ್ಟ್ ಸಿಗುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು. ಆದರೆ ಬಿಲ್, ಸೀಲು, ನೋಂದಣಿ ಸಂಖ್ಯೆಯ ತಕರಾರು ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆ.

ದುಡ್ಡಿನ ಲೆಕ್ಕ

ಖಿನ್ನತೆಗೋ ಆತಂಕದ ಕಾಯಿಲೆಗೋ ಕೊಡುವ ಸಿಬಿಟಿ ಎಂಬ, ಯೋಚನೆ ಮತ್ತು ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆ ಸಾಮಾನ್ಯವಾಗಿ 12ರಿಂದ 20 ಸೆಷನ್ನಿನದು. ಲೆಕ್ಕಕ್ಕೆ 16 ಎಂದಿಟ್ಟುಕೊಳ್ಳೋಣ. ಸೆಷನ್‌ಗೆ 800 ರೂಪಾಯಿ ಎಂದರೆ 12,800. ಮನೋವೈದ್ಯರ ಭೇಟಿ 5 ಸಲ, ತಲಾ 500ರಂತೆ 2,500. ಮಾತ್ರೆ ತಿಂಗಳಿಗೆ 400ರಂತೆ 10 ತಿಂಗಳಿಗೆ 4,000. ಒಟ್ಟು 19,300. ಫೀಸು ನಿಮ್ಮಲ್ಲಿ ಬೇರೆ ಇದ್ದರೆ ಆ ಅಂಕಿ ಹಾಕಿಕೊಳ್ಳಿ.

ರೈಡರ್ ಮಿತಿ ವರ್ಷಕ್ಕೆ 10,000, ಸಹಪಾವತಿ (ಒಪ್ಪಿದ ಬಿಲ್ಲಿನಲ್ಲಿ ನೀವೇ ಭರಿಸಬೇಕಾದ ಪಾಲು) ಶೇ. 20, ರೈಡರ್ ಪ್ರೀಮಿಯಂ 4,500 ಎಂದುಕೊಳ್ಳಿ. 19,300ರ ಶೇ. 80 ಎಂದರೆ 15,440. ಮಿತಿ ಇರುವುದರಿಂದ ಕೈಗೆ ಬರುವುದು 10,000. ಪ್ರೀಮಿಯಂ ಕಳೆದರೆ ಲಾಭ 5,500. ಚೆನ್ನಾಗಿಯೇ ಕಾಣುತ್ತದೆ. ಈಗ ಸೆಷನ್‌ಗೆ ಗರಿಷ್ಠ 500 ಎಂಬ ಒಳಮಿತಿ ಇದೆ, ಔಷಧ ಸೇರಿಲ್ಲ ಎನ್ನಿ: 16 ಸೆಷನ್ನಿನ 8,000 ಮತ್ತು ವೈದ್ಯರ 2,500 ಸೇರಿ 10,500, ಅದರ ಶೇ. 80 ಎಂದರೆ 8,400. ಲಾಭ 3,900ಕ್ಕೆ ಇಳಿಯಿತು. ಸೈಕಾಲಜಿಸ್ಟ್ ಫೀಸೂ ಸೇರಿಲ್ಲ ಎಂದಾದರೆ ಬರುವುದು 2,500ರ ಶೇ. 80, ಅಂದರೆ 2,000 ಮಾತ್ರ. ಕಟ್ಟಿದ್ದು 4,500. ನಷ್ಟ 2,500.

ಈ ರೈಡರ್‌ನಲ್ಲಿ ಅಸಲು ಹುಟ್ಟಬೇಕಾದರೆ ವರ್ಷಕ್ಕೆ 5,625 ರೂಪಾಯಿಯ ಒಪ್ಪತಕ್ಕ ಬಿಲ್ ಇರಲೇಬೇಕು. ಎರಡು ಸೆಷನ್ ಮುಗಿಸಿ ನಿಲ್ಲಿಸುವವರಿಗೆ ಇದು ಬೇಡ. ಉದ್ದದ ಚಿಕಿತ್ಸೆ ಖಚಿತ ಎಂದು ಗೊತ್ತಿರುವವರಿಗೆ ಬೇಕಾಗಬಹುದು, ಆದರೆ ಅವರಿಗೇ ಕಾಯುವ ಅವಧಿ, ಅಂದರೆ ಪಾಲಿಸಿ ಕೊಂಡ ಮೇಲೂ ಕ್ಲೇಮ್ ಸಿಗದ ಆರಂಭದ ಕಾಲ, ಅಡ್ಡ ಬರುತ್ತದೆ. ವೈಯಕ್ತಿಕ ಆರೋಗ್ಯ ವಿಮೆಯ ಪ್ರೀಮಿಯಂ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಹೋಗಿದೆ. ಹಳೆಯ ಕೊಟೇಷನ್ ಇಟ್ಟುಕೊಂಡಿರುವವರು ಹೊಸದು ತರಿಸಿಕೊಂಡು ಲೆಕ್ಕ ಮಾಡಲಿ.

ಇನ್ನೊಂದು ಪರೀಕ್ಷೆ ಮನೆಯಲ್ಲೇ ಮಾಡಬಹುದು. ಹಲವು ರೈಡರ್‌ಗಳು ಕಂಪನಿಯೊಂದಿಗೆ ಒಪ್ಪಂದ ಇರುವ ನೆಟ್‌ವರ್ಕ್ ಕ್ಲಿನಿಕ್ಕಿನಲ್ಲಿ ಮಾತ್ರ ನಡೆಯುತ್ತವೆ. ಕೊಳ್ಳುವ ಮೊದಲು ಕಂಪನಿಯ ವೆಬ್‌ಸೈಟ್‌ನಲ್ಲಿ 577002 ಅಥವಾ 577004 ಪಿನ್‌ಕೋಡ್ ಹಾಕಿ, ಚಿತ್ರದುರ್ಗದವರಾದರೆ 577501 ಹಾಕಿ, ಸೈಕಿಯಾಟ್ರಿ ಎಂದು ಹುಡುಕಿ. ಬಂದ ಪಟ್ಟಿಯಲ್ಲಿ ಹಲ್ಲಿನ ಡಾಕ್ಟರು, ಲ್ಯಾಬುಗಳೇ ತುಂಬಿದ್ದರೆ ಆ ರೈಡರ್ ಬೆಂಗಳೂರಿನವರಿಗೆ ಮಾಡಿದ್ದು. 260 ಕಿಲೋಮೀಟರ್ ಬಸ್ ಚಾರ್ಜು ಕೊಟ್ಟು ಉಚಿತ ಸೆಷನ್‌ಗೆ ಹೋಗುವುದರಲ್ಲಿ ಅರ್ಥವಿಲ್ಲ. ಹರಿಹರ, ಜಗಳೂರು, ಹೊನ್ನಾಳಿ, ಚನ್ನಗಿರಿ, ಮೊಳಕಾಲ್ಮೂರು ಕಡೆಯವರು ವಿಡಿಯೋ ಸೆಷನ್ ಸೇರಿದೆಯೇ ಎಂದು ನೋಡಬೇಕು. ಭೇಟಿಗೆ ಹಣ ಕೊಡುವ ಪಾಲಿಸಿ ಟೆಲಿಮೆಡಿಸಿನ್ ಸಮಾಲೋಚನೆಗೂ ಕೊಡಬೇಕು ಎಂದು 2020ರ ಜೂನ್‌ನಲ್ಲೇ ಐಆರ್‌ಡಿಎಐ ಸೂಚಿಸಿದೆ. ಆ್ಯಪ್ ಮೂಲಕ ಸೆಷನ್ ಹಿಡಿಯುವವರು ಭಾಷೆಯ ಆಯ್ಕೆಯಲ್ಲಿ ಕನ್ನಡ ಇರುವವರನ್ನೇ ಹಿಡಿಯಿರಿ. ಒಳಗಿನ ಸಂಕಟವನ್ನು ಮನೆಮಾತಿನಲ್ಲಿ ಹೇಳಿಕೊಳ್ಳಲು ಆಗದಿದ್ದರೆ ಮೂರನೇ ಸೆಷನ್ನಿಗೆ ಜನ ಬಿಟ್ಟುಬಿಡುತ್ತಾರೆ.

ಕಾಗದಗಳು

ಚಿಕಿತ್ಸೆ ನಮ್ಮೂರಲ್ಲಿ ಸಿಗುತ್ತದೆ. ವಿಮಾ ಕಂಪನಿ ಒಪ್ಪುವ ರಸೀದಿ ಸಿಗುವುದೇ ಕಷ್ಟ. ತಿರಸ್ಕಾರದ ಕಾರಣಗಳಲ್ಲಿ ಬಹಳಷ್ಟು ಇಲ್ಲೇ ಇವೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಮೊದಲು ಮನೋವೈದ್ಯರ ಚೀಟಿ. ಅದರಲ್ಲಿ ರೋಗಿಯ ಪೂರ್ತಿ ಹೆಸರು, ವಯಸ್ಸು, ತಾರೀಖು, ವೈದ್ಯರ ನೋಂದಣಿ ಸಂಖ್ಯೆ, ರೋಗನಿರ್ಣಯ ಇರಬೇಕು. ರೋಗನಿರ್ಣಯದ ಮುಂದೆ ಐಸಿಡಿ (ಕಾಯಿಲೆಗಳ ಅಂತರರಾಷ್ಟ್ರೀಯ ಪಟ್ಟಿ) ಸಂಕೇತ ಬರೆಸಿಕೊಂಡರೆ ಪ್ರಶ್ನೆ ಬರುವುದು ಕಡಿಮೆ: ಖಿನ್ನತೆಯ ಕಂತಿಗೆ ಎಫ್32, ಸಾಮಾನ್ಯೀಕೃತ ಆತಂಕಕ್ಕೆ ಎಫ್41.1, ಗೀಳಿಗೆ ಎಫ್42, ಆಘಾತದ ನಂತರದ ಒತ್ತಡದ ಕಾಯಿಲೆಗೆ ಎಫ್43.1. ಚೀಟಿಯಲ್ಲಿ ಬರೀ "ಸ್ಟ್ರೆಸ್" ಎಂದೋ "ಕೌನ್ಸೆಲಿಂಗ್ ಕೊಡಲಾಗಿದೆ" ಎಂದೋ ಇದ್ದರೆ ಕಾಯಿಲೆ ಏನು ಎಂಬುದೇ ಕಡತದಲ್ಲಿ ಇಲ್ಲದಂತಾಗುತ್ತದೆ. ಗಂಡ ಹೆಂಡತಿ ಜಗಳ, ಕೆಲಸದ ದಣಿವು, ಪರೀಕ್ಷೆಯ ಭಯ ಇವಕ್ಕೆ ಐಸಿಡಿಯಲ್ಲಿ ಝಡ್ ಅಕ್ಷರದ ಸಂಕೇತಗಳಿವೆ. ಅವು ಕಾಯಿಲೆಗಳಲ್ಲ, ಹಾಗಾಗಿ ವಿಮೆ ಕೊಡುವುದಿಲ್ಲ. ದಂಪತಿ ಸಮಾಲೋಚನೆಗೆ ಕೈಯಿಂದಲೇ ಖರ್ಚು ಎಂದು ಇಟ್ಟುಕೊಳ್ಳಿ.

ಹಾಗೆಂದು ಕ್ಲೇಮಿಗಾಗಿ ಇಲ್ಲದ ಕಾಯಿಲೆಯನ್ನು ಬರೆಸಿಕೊಳ್ಳಬೇಡಿ. ಅದು ವಂಚನೆ. ಜೊತೆಗೆ ಒಮ್ಮೆ ಎಫ್32 ಎಂದು ದಾಖಲಾದದ್ದು ಮುಂದೆ ಬೇರೆ ಪಾಲಿಸಿ ಕೊಳ್ಳುವಾಗ ಹೇಳಲೇಬೇಕಾದ ಸಂಗತಿಯಾಗುತ್ತದೆ.

ಎರಡನೆಯದು ರೆಫರಲ್. ಅದೇ ಚೀಟಿಯಲ್ಲಿ "ಸೈಕೋಥೆರಪಿ, ವಾರಕ್ಕೆ 1 ಸೆಷನ್, 12 ಸೆಷನ್, ನಂತರ ಮರುಪರಿಶೀಲನೆ" ಎಂದು ಮನೋವೈದ್ಯರೇ ಬರೆಯಬೇಕು. ಸೆಷನ್ ಶುರುವಾದ ಮೇಲೆ ತಂದ ರೆಫರಲ್‌ನ ತಾರೀಖು ಹಿಂದಿನ ರಸೀದಿಗಳಿಗೆ ಹೊಂದುವುದಿಲ್ಲ, ಅವಷ್ಟೂ ಬಿದ್ದುಹೋಗುತ್ತವೆ. ಮೊದಲು ಮನೋವೈದ್ಯರು, ಆಮೇಲೆ ಸೈಕಾಲಜಿಸ್ಟ್: ಈ ಕ್ರಮ ತಪ್ಪಿಸಬೇಡಿ.

ಮೂರನೆಯದು ಸೆಷನ್ನಿನ ರಸೀದಿ. ಪಿ.ಜೆ. ಬಡಾವಣೆಯ ಕ್ಲಿನಿಕ್ಕಿರಲಿ, ವಿದ್ಯಾನಗರದ ಮನೆಯ ಕೋಣೆಯಿರಲಿ, ಫೀಸು ಇಸಕೊಳ್ಳುವುದು ಸಾಮಾನ್ಯವಾಗಿ ಫೋನಿನಲ್ಲಿ, ಅದೂ ವೈದ್ಯರ ಸ್ವಂತ ನಂಬರಿಗೆ. ಫೋನಿನ ಸ್ಕ್ರೀನ್‌ಶಾಟ್ ಪಾವತಿಗೆ ಪುರಾವೆ, ರಸೀದಿ ಅಲ್ಲ. ಕ್ರಮಸಂಖ್ಯೆ ಇರುವ ಮುದ್ರಿತ ರಸೀದಿ, ಅದರಲ್ಲಿ ಸೆಷನ್ ನಡೆದ ದಿನ, ಎಷ್ಟು ನಿಮಿಷ, ಮೊತ್ತ, ಸೈಕಾಲಜಿಸ್ಟರ ಹೆಸರು, ಆರ್‌ಸಿಐ ನೋಂದಣಿ ಸಂಖ್ಯೆ, ಸೀಲು ಮತ್ತು ಸಹಿ ಬೇಕು. ಚೀಟಿಯ ಮೂಲೆಯಲ್ಲಿ ಪೆನ್ನಿನಿಂದ "500 ಪೇಡ್" ಎಂದು ಬರೆದದ್ದು ನಡೆಯುವುದಿಲ್ಲ. ನಾಚಿಕೆಪಡದೆ ಮೊದಲ ದಿನವೇ ಕೇಳಿ. ರಸೀದಿ ಪುಸ್ತಕ ಇಲ್ಲದವರು ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟರೂ ಪರಿಶೀಲಿಸುವವರು ಕೆಲವೊಮ್ಮೆ ಒಪ್ಪುತ್ತಾರೆ, ಆದರೆ ಅದನ್ನೇ ನಂಬಿ ಕೂರಬೇಡಿ.

ಪ್ಯಾಕೇಜ್ ಬಿಲ್ಲಿನ ತೊಂದರೆ ಪ್ರತ್ಯೇಕವಾಗಿ ಹೇಳಬೇಕು. "10 ಸೆಷನ್, 8,000, ಮುಂಗಡ" ಎಂದು ಒಂದೇ ರಸೀದಿ ಕೊಟ್ಟರೆ ವಿಮಾ ಕಂಪನಿ ನಡೆದುಹೋದ ಸೆಷನ್‌ಗಳನ್ನಷ್ಟೇ ಪರಿಗಣಿಸುತ್ತದೆ, ದಿನಾಂಕ ಬಿಡಿಸಿ ತೋರಿಸದಿದ್ದರೆ ಅದನ್ನೂ ಇಲ್ಲ. ರಿಯಾಯಿತಿ ಸಿಗುತ್ತದೆ ಎಂದು ಮುಂಗಡ ಕೊಟ್ಟರೂ ರಸೀದಿ ಮಾತ್ರ ಸೆಷನ್‌ವಾರು ಪಡೆಯಿರಿ. "ವೆಲ್‌ನೆಸ್ ಪ್ರೋಗ್ರಾಂ", "ಲೈಫ್ ಕೋಚಿಂಗ್" ಎಂಬ ಹೆಸರಿನ ಬಿಲ್ಲನ್ನು ಚಿಕಿತ್ಸೆ ಎಂದು ಯಾರೂ ಒಪ್ಪುವುದಿಲ್ಲ.

ಹೆಸರಿನದೂ ಒಂದು ಕಾಟ. ಆಧಾರ್‌ನಲ್ಲಿ, ಪಾಲಿಸಿಯಲ್ಲಿ ತಂದೆಯ ಹೆಸರು, ಊರಿನ ಹೆಸರಿನ ಇನಿಷಿಯಲ್‌ಗಳೆಲ್ಲ ಸೇರಿ ಉದ್ದದ ಹೆಸರು. ಕ್ಲಿನಿಕ್ಕಿನವರು ಕರೆಯುವ ಹೆಸರನ್ನೇ ಬರೆದಿರುತ್ತಾರೆ. ಪಾಲಿಸಿ ಕಾರ್ಡನ್ನೇ ಎದುರಿಗಿಟ್ಟು ಅದರಲ್ಲಿದ್ದಂತೆ ಬರೆಸಿ. ರಸೀದಿ ಪೂರ್ತಿ ಕನ್ನಡದಲ್ಲಿದ್ದರೆ ಹೆಸರು, ದಿನಾಂಕ, ಮೊತ್ತ ಇಷ್ಟನ್ನು ಇಂಗ್ಲಿಷ್‌ನಲ್ಲೂ ಬರೆಸಿಕೊಳ್ಳುವುದು ವಾಸಿ. ಕಡತ ನೋಡುವವರು ಬೇರೆ ರಾಜ್ಯದ ಕಚೇರಿಯಲ್ಲಿ ಕೂತಿರಬಹುದು.

ಇವೆಲ್ಲವನ್ನೂ ಆ್ಯಪ್‌ನಲ್ಲಿ ಹಾಕುವಾಗ ಪ್ರತಿ ರಸೀದಿಗೆ ಅದರ ಚೀಟಿಯನ್ನೂ ಜೋಡಿಸಿ. ಬ್ಯಾಂಕ್ ವಿವರಕ್ಕೆ ಹೆಸರು ಮುದ್ರಿತವಾಗಿರುವ ರದ್ದು ಚೆಕ್ ಬೇಕು. ಕೆಲವು ಕಂಪನಿಗಳಲ್ಲಿ ಒಪಿಡಿ ಬಿಲ್ ವರ್ಷಕ್ಕೆ ಇಷ್ಟೇ ಸಲ ಹಾಕಬೇಕೆಂಬ ನಿಯಮ ಇರುತ್ತದೆ. ಅಲ್ಲಿ ನಾಲ್ಕೈದು ಸೆಷನ್ ಒಟ್ಟುಮಾಡಿ ಹಾಕಿ, ಆದರೆ ಗಡುವು ಮೀರದಂತೆ. ಮೂಲ ಕಾಗದ ಕೇಳಿದರೆ ಕೊಡುವ ಮೊದಲು ಸ್ಕ್ಯಾನ್ ಇಟ್ಟುಕೊಳ್ಳಿ.

ದಾಖಲಾದಾಗ ವಿಮೆ ಚೆನ್ನಾಗಿ ಕೆಲಸ ಮಾಡುತ್ತದೆ

ತೀವ್ರ ಖಿನ್ನತೆ, ಸೈಕೋಸಿಸ್ (ವಾಸ್ತವದ ಅರಿವು ತಪ್ಪುವುದು), ಮೇನಿಯಾ (ಅತಿಯಾದ ಉದ್ರೇಕ), ಪ್ರಾಣಕ್ಕೆ ಅಪಾಯವಿರುವ ಸ್ಥಿತಿ ಇಂಥ ಸಂದರ್ಭದಲ್ಲಿ ದಾಖಲಾತಿ ಬೇಕಾದರೆ ಬೇಸ್ ಪಾಲಿಸಿಯನ್ನು ಧೈರ್ಯವಾಗಿ ಬಳಸಿ. ಆಸ್ಪತ್ರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಣಿಯಾಗಿದೆಯೇ ನೋಡಿ. ಪಾಲಿಸಿಯ ವ್ಯಾಖ್ಯೆಯಲ್ಲಿ 10 ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಿನ ಆಸ್ಪತ್ರೆಗೆ 10 ಹಾಸಿಗೆ, ಹಗಲು ರಾತ್ರಿ ನರ್ಸ್ ಮತ್ತು ವೈದ್ಯರು ಎಂಬ ಕನಿಷ್ಠ ಷರತ್ತು ಇರುತ್ತದೆ. ದಾವಣಗೆರೆ, ಚಿತ್ರದುರ್ಗ ಎರಡೂ ಈ ವರ್ಗಕ್ಕೇ ಬರುತ್ತವೆ. ಐದಾರು ಹಾಸಿಗೆಯ ನರ್ಸಿಂಗ್ ಹೋಂ ಆದರೆ ವಿಮಾ ಕಂಪನಿಯ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಸಂಸ್ಥೆಯಾದ ಟಿಪಿಎಗೆ ಮೊದಲೇ ಫೋನ್ ಮಾಡಿ ಕೇಳಿ.

ಐಆರ್‌ಡಿಎಐಯ 2024ರ ಸುತ್ತೋಲೆಯ ಪ್ರಕಾರ ಕ್ಯಾಶ್‌ಲೆಸ್ (ಬಿಲ್ಲನ್ನು ಕಂಪನಿಯೇ ಆಸ್ಪತ್ರೆಗೆ ಕಟ್ಟುವ) ಅರ್ಜಿಗೆ 1 ಗಂಟೆಯೊಳಗೆ, ಡಿಸ್ಚಾರ್ಜ್‌ನ ಅಂತಿಮ ಒಪ್ಪಿಗೆಗೆ 3 ಗಂಟೆಯೊಳಗೆ ಉತ್ತರ ಕೊಡಬೇಕು. ಸಂಜೆಯವರೆಗೂ ವಾರ್ಡಿನಲ್ಲಿ ಕೂರಿಸಿದರೆ ಈ ನಿಯಮ ನೆನಪಿಸಿ.

ಹೆಚ್ಚಿನವರು ಬಿಟ್ಟುಕೊಡುವ ಹಣ ಇದರ ನಂತರದ್ದು. ದಾಖಲಾತಿಯ ಹಿಂದಿನ 30 ಅಥವಾ 60 ದಿನ, ಡಿಸ್ಚಾರ್ಜ್ ನಂತರದ 60 ಅಥವಾ 90 ದಿನಗಳಲ್ಲಿ ಅದೇ ಕಾಯಿಲೆಗೆ ಮಾಡಿದ ಖರ್ಚು ಬೇಸ್ ಪಾಲಿಸಿಯಲ್ಲೇ ಬರುತ್ತದೆ. ದಿನಗಳು ಪಾಲಿಸಿಯ ಮೇಲೆ ನಿಂತಿವೆ. ಆರೋಗ್ಯ ಸಂಜೀವನಿ ಎಂಬ ಪ್ರಮಾಣಿತ ಪಾಲಿಸಿಯಲ್ಲಿ 30 ಮತ್ತು 60. ಮನೋವೈದ್ಯರ ಮರುಭೇಟಿ, ಮಾತ್ರೆ, ಬರೆದುಕೊಟ್ಟ ಸೈಕೋಥೆರಪಿ ಇವನ್ನು ರೈಡರ್ ಇಲ್ಲದೆಯೂ ಕೇಳಬಹುದು. ಅದಕ್ಕೆ ಡಿಸ್ಚಾರ್ಜ್ ಸಮ್ಮರಿಯಲ್ಲೇ "ವಾರಕ್ಕೊಮ್ಮೆ ಸೈಕೋಥೆರಪಿ" ಎಂಬ ಸಲಹೆ ಇರಬೇಕು. ಹೊರಡುವ ಮೊದಲು ಆ ಸಾಲು ಇದೆಯೇ ಎಂದು ಓದಿ ನೋಡಿ, ಇಲ್ಲದಿದ್ದರೆ ಸೇರಿಸಲು ಕೇಳಿ. ಆಮೇಲೆ ಹೋಗಿ ಕೇಳಿದರೆ ಯಾರೂ ತಿದ್ದಿಕೊಡುವುದಿಲ್ಲ.

ಒಂದು ಎಚ್ಚರಿಕೆ. "ಎರಡು ದಿನ ಅಡ್ಮಿಟ್ ಆಗಿ, ಕ್ಲೇಮ್ ಮಾಡಿಸೋಣ" ಎಂಬ ಸಲಹೆ ಬಂದರೆ ಒಪ್ಪಬೇಡಿ. ಬರೀ ಪರೀಕ್ಷೆಗೆ ದಾಖಲಾದರೆ ಹೊರಗಿಡುವ ಪ್ರಮಾಣಿತ ಷರತ್ತಿಗೆ ಎಕ್ಸ್‌ಕ್ಲೂಷನ್ 04 ಎಂಬ ಸಂಖ್ಯೆಯಿದೆ, ವಿಶ್ರಾಂತಿ ಮತ್ತು ಪುನರ್ವಸತಿಗೆ 05. ಎರಡು ದಿನವೂ ಮಾತ್ರೆ ಮತ್ತು ಮಾತು ಮಾತ್ರ ನಡೆದಿದ್ದರೆ "ಇದು ಒಪಿಡಿಯಲ್ಲೇ ಆಗುತ್ತಿತ್ತು" ಎಂದು ವಾಪಸ್ ಬರುತ್ತದೆ, ಬಿಲ್ಲು ನಿಮ್ಮ ತಲೆಗೆ.

ಕುಡಿತದ ವಿಷಯ

ಎಲ್ಲಕ್ಕಿಂತ ನೋವು ಕೊಡುವ ತಿರಸ್ಕಾರ ಇಲ್ಲಿಯದು. ಮಾನಸಿಕ ಆರೋಗ್ಯ ಕಾಯ್ದೆ ತನ್ನ ವ್ಯಾಖ್ಯೆಯಲ್ಲಿ ಮದ್ಯ, ಮಾದಕ ವಸ್ತುಗಳಿಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆ ಎಂದೇ ಎಣಿಸುತ್ತದೆ. ಆದರೆ ವಿಮೆಯ ಪ್ರಮಾಣಿತ ಷರತ್ತುಗಳಲ್ಲಿ 12ನೇ ಸಂಖ್ಯೆಯದು ಕುಡಿತ, ಮಾದಕ ವಸ್ತು, ಚಟ ಮತ್ತು ಅವುಗಳ ಪರಿಣಾಮದ ಚಿಕಿತ್ಸೆಯನ್ನು ಹೊರಗಿಡುತ್ತದೆ. ಕಂಪನಿಗಳು ಹಿಡಿಯುವುದು ಈ ಎರಡನೆಯದನ್ನು. ಕುಡಿತ ಬಿಡಿಸುವ ಕೇಂದ್ರದ ತಿಂಗಳುಗಟ್ಟಲೆಯ ಖರ್ಚು ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಿ ಸಾಲ ಮಾಡಬೇಡಿ. ಖಿನ್ನತೆಯೂ ಕುಡಿತವೂ ಒಟ್ಟಿಗೆ ಇರುವವರ ಕಡತದಲ್ಲಿ ಯಾವುದು ಮೊದಲು ಶುರುವಾಯಿತು, ಈಗಿನ ದಾಖಲಾತಿ ಯಾವುದಕ್ಕೆ ಎಂದು ವೈದ್ಯರು ಇದ್ದದ್ದನ್ನು ಇದ್ದಂತೆ ಸ್ಪಷ್ಟವಾಗಿ ಬರೆದರೆ ವಾದಿಸಲು ಜಾಗ ಇರುತ್ತದೆ. ಈ ಕಷ್ಟದಲ್ಲಿರುವ ಮನೆಗಳಿಗೆ ಜಿಲ್ಲಾಸ್ಪತ್ರೆಯ ದಾರಿಯೇ ಒಳ್ಳೆಯದು. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446.

ಮುಚ್ಚಿಡುವುದು

ಹೊಸ ಪಾಲಿಸಿಯ ಅರ್ಜಿಯಲ್ಲಿ ಮಾನಸಿಕ ಕಾಯಿಲೆಯ ಚಿಕಿತ್ಸೆ ಪಡೆದಿದ್ದೀರಾ ಎಂಬ ಪ್ರಶ್ನೆ ಇರುತ್ತದೆ. "ಅದೆಲ್ಲ ಯಾಕೆ, ಇಲ್ಲ ಅಂತ ಹಾಕಿ" ಎನ್ನುವ ಏಜೆಂಟರು ಇದ್ದಾರೆ. ಹಾಗೆ ಮಾಡಬೇಡಿ. ಪಾಲಿಸಿ ಶುರುವಾಗುವ ಹಿಂದಿನ 36 ತಿಂಗಳಲ್ಲಿ ಪತ್ತೆಯಾದ ಅಥವಾ ಚಿಕಿತ್ಸೆ ಪಡೆದ ಕಾಯಿಲೆ ಮೊದಲೇ ಇದ್ದ ಕಾಯಿಲೆಯ ಲೆಕ್ಕಕ್ಕೆ ಬರುತ್ತದೆ. ಅದಕ್ಕೆ ಕಾಯುವ ಅವಧಿ ಗರಿಷ್ಠ 3 ವರ್ಷ. ನಿಜ ಹೇಳಿದರೆ ಕಾಯಬೇಕು ಅಷ್ಟೆ. ಮುಚ್ಚಿಟ್ಟರೆ ಹೃದಯಾಘಾತದ ಕ್ಲೇಮ್ ಹಾಕಿದ ದಿನ ಹಳೆಯ ಚೀಟಿ ಹೊರಬಿದ್ದು ಪಾಲಿಸಿಯೇ ರದ್ದಾಗಬಹುದು. 5 ವರ್ಷ ಬಿಡದೆ ನವೀಕರಿಸಿದ ಮೇಲೆ ವಂಚನೆ ಸಾಬೀತಾದ ಹೊರತು ಕಂಪನಿ ಹಳೆಯದನ್ನು ಕೆದಕುವಂತಿಲ್ಲ.

ಗುಟ್ಟಿನ ಚಿಂತೆ ಇರುವವರಿಗೆ: ಚಿಕಿತ್ಸೆಯ ಮಾಹಿತಿಯನ್ನು ಗೋಪ್ಯವಾಗಿಡಿಸಿಕೊಳ್ಳುವ ಹಕ್ಕು ಅದೇ ಕಾಯ್ದೆಯ 23ನೇ ಸೆಕ್ಷನ್ನಿನಲ್ಲಿದೆ. ಗ್ರೂಪ್ ಪಾಲಿಸಿಯಲ್ಲಿ ಕ್ಲೇಮುಗಳ ವರದಿ ಕಂಪನಿಯ ಎಚ್‌ಆರ್‌ಗೂ ಹೋಗುವುದುಂಟು, ಆ ವರದಿಯಲ್ಲಿ ಕಾಯಿಲೆಯ ಹೆಸರು ಕಾಣುತ್ತದೆಯೇ ಎಂದು ಟಿಪಿಎಯನ್ನೇ ಕೇಳಿ. ಬೆಂಗಳೂರಿನ ಕಂಪನಿಗೆ ದಾವಣಗೆರೆಯ ಮನೆಯಿಂದಲೇ ಕೆಲಸ ಮಾಡುವವರು ಮೊದಲು ಕಂಪನಿಯ ನೌಕರ ಸಹಾಯ ಯೋಜನೆಯಲ್ಲಿರುವ ಉಚಿತ ಸೆಷನ್‌ಗಳನ್ನು ಮುಗಿಸಿಕೊಳ್ಳಿ. ಅದಕ್ಕೆ ಸಾಮಾನ್ಯವಾಗಿ ರೋಗನಿರ್ಣಯವೂ ಬೇಡ, ಬಿಲ್ಲೂ ಬೇಡ. ಕೆಲಸ ಬಿಡುವವರು ಕೊನೆಯ ದಿನಕ್ಕೆ ಮೊದಲೇ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಲು ಅರ್ಜಿ ಹಾಕಿದರೆ ಕಳೆದ ಕಾಯುವ ಅವಧಿ ವ್ಯರ್ಥವಾಗುವುದಿಲ್ಲ.

ವಿಮೆಗೆ ಮೊದಲು ನೋಡಬೇಕಾದ ಬಾಗಿಲುಗಳು

ತಿಂಗಳ ಸಂಬಳ 21,000ದವರೆಗೆ ಇದ್ದು ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತವಾಗುತ್ತಿದ್ದರೆ ನಿಮ್ಮ ಹತ್ತಿರ ಒಪಿಡಿ ಸೇರಿದ ವಿಮೆ ಆಗಲೇ ಇದೆ. ಅಂಗಡಿ, ಮಿಲ್ಲು, ನರ್ಸಿಂಗ್ ಹೋಂ ನೌಕರರಲ್ಲಿ ಎಷ್ಟೋ ಮಂದಿ ಇದನ್ನು ಜ್ವರದ ಮಾತ್ರೆಗಷ್ಟೇ ಎಂದುಕೊಂಡಿದ್ದಾರೆ. ದಾವಣಗೆರೆಯಲ್ಲಿ ಇಎಸ್‌ಐ ಆಸ್ಪತ್ರೆ ಇದೆ, ಅಲ್ಲಿಂದ ಮನೋವೈದ್ಯರಿಗೆ ಕಳಿಸಿಕೊಡಲು ಕೇಳಬಹುದು. ಸೈಕೋಸಿಸ್‌ನಿಂದ ಕೆಲಸಕ್ಕೆ ಹೋಗಲಾಗದವರಿಗೆ, 2 ವರ್ಷದ ಸೇವೆ ಮತ್ತು ನಿಗದಿತ ವಂತಿಗೆ ಇದ್ದರೆ, ವಿಸ್ತೃತ ಅನಾರೋಗ್ಯ ಭತ್ಯೆಯಾಗಿ ಸಂಬಳದ ಶೇ. 80 ಸಿಗುತ್ತದೆ, ಗರಿಷ್ಠ 2 ವರ್ಷದವರೆಗೆ. ಇದಕ್ಕೆ ಸಮನಾದದ್ದು ಯಾವ ಖಾಸಗಿ ರೈಡರ್‌ನಲ್ಲೂ ನಾವು ಕಂಡಿಲ್ಲ.

ಚಿಗಟೇರಿ ಜಿಲ್ಲಾಸ್ಪತ್ರೆ, ಚಿತ್ರದುರ್ಗದ ಜಿಲ್ಲಾಸ್ಪತ್ರೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಡೆಯುತ್ತದೆ. ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರ ಜೊತೆ ಕ್ಲಿನಿಕಲ್ ಸೈಕಾಲಜಿಸ್ಟ್, ಮನೋಸಾಮಾಜಿಕ ಕಾರ್ಯಕರ್ತರ ಹುದ್ದೆಗಳೂ ಇವೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ; ಹೊರಡುವ ಮುನ್ನ ಆ ವಾರ ಬರುತ್ತಾರೆಯೇ ಎಂದು ಫೋನ್ ಮಾಡಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು, ಯಾವ ಹೊತ್ತಿನಲ್ಲಾದರೂ. ಮಾತ್ರೆಗೆ ಜನೌಷಧಿ ಅಂಗಡಿ ನೋಡಿ; ಎಸಿಟಾಲೋಪ್ರಾಮ್, ಸರ್ಟ್ರಲೀನ್ ಅಂಥವು ಅಲ್ಲಿನ ಪಟ್ಟಿಯಲ್ಲಿವೆ. ಅಲ್ಲಿ ಕೊಂಡರೆ ಔಷಧಕ್ಕೆ ರೈಡರ್ ಬೇಕೇ ಎಂಬ ಪ್ರಶ್ನೆಯೇ ಬಹುಪಾಲು ಮುಗಿಯುತ್ತದೆ.

ಮಕ್ಕಳ ಆಟಿಸಂ, ಬೌದ್ಧಿಕ ಅಂಗವೈಕಲ್ಯಕ್ಕೆ ಬೇಕಾದ ಥೆರಪಿಯ ದಾರಿ ಬೇರೆ. ಸಾಮಾನ್ಯ ಪಾಲಿಸಿ ಇದಕ್ಕೆ ಹಣ ಕೊಡುವುದು ಅಪರೂಪ. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ 1 ಲಕ್ಷ ರೂಪಾಯಿಯದು, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಮತ್ತು ಬಹು ಅಂಗವೈಕಲ್ಯ ಇರುವವರಿಗೆ ಥೆರಪಿಯೂ ಒಪಿಡಿಯೂ ಅದರಲ್ಲಿ ಸೇರಿವೆ, ವೈದ್ಯಕೀಯ ತಪಾಸಣೆ ಬೇಡ, ಅಂಗವೈಕಲ್ಯ ಪ್ರಮಾಣಪತ್ರ ಬೇಕು. ಅಂಗವಿಕಲರ ಪುನರ್ವಸತಿಗೆಂದು ಇರುವ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರ ದಾವಣಗೆರೆಯಲ್ಲೇ ಇದೆ. ಪೋಷಕರು ಮೊದಲು ಅಲ್ಲಿಗೆ ಹೋಗಿ ಬರಲಿ.

ಕ್ಲೇಮ್ ತಿರಸ್ಕಾರವಾದರೆ

ಮೊದಲು ತಿರಸ್ಕಾರದ ಪತ್ರವನ್ನು ಬರಹದಲ್ಲಿ, ಷರತ್ತಿನ ಸಂಖ್ಯೆಯ ಸಮೇತ ಕೇಳಿ ಪಡೆಯಿರಿ. "ಪಾಲಿಸಿಯ ಪ್ರಕಾರ ಸೇರುವುದಿಲ್ಲ" ಎಂಬ ಒಂದು ಸಾಲಿನ ಮೆಸೇಜು ಸಾಲದು. ಆಮೇಲೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಮಾಡಿ, ಚೀಟಿ ಮತ್ತು ರಸೀದಿಗಳನ್ನು ಮತ್ತೆ ಜೋಡಿಸಿ. ಜೊತೆಗೆ ಐಆರ್‌ಡಿಎಐಯ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ಅಥವಾ 155255ಕ್ಕೆ ಫೋನ್ ಮಾಡಿ ದೂರು ದಾಖಲಿಸಿ ಸಂಖ್ಯೆ ಬರೆದಿಟ್ಟುಕೊಳ್ಳಿ.

30 ದಿನದಲ್ಲಿ ಉತ್ತರ ಬರದಿದ್ದರೆ, ಬಂದರೂ ಸಮಾಧಾನವಾಗದಿದ್ದರೆ, ಇಂಥ ದೂರುಗಳನ್ನು ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕದ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ, ಆದರೆ ಹೋಗಬೇಕಿಲ್ಲ. ದೂರನ್ನು ಆನ್‌ಲೈನ್‌ನಲ್ಲೇ ಹಾಕಬಹುದು. ಶುಲ್ಕ ಇಲ್ಲ, ವಕೀಲರು ಬೇಡ. 50 ಲಕ್ಷದವರೆಗಿನ ವಿವಾದ ಕೇಳುತ್ತಾರೆ; 3,000 ರೂಪಾಯಿಯ ಒಪಿಡಿ ಬಿಲ್ಲಿಗೂ ಹೋಗಬಹುದು. ಕಂಪನಿಯ ಅಂತಿಮ ಉತ್ತರ ಬಂದ 1 ವರ್ಷದೊಳಗೆ ಹಾಕಬೇಕು. ದೂರಿನಲ್ಲಿ ಕಾಯಿಲೆಯ ಕಥೆಯನ್ನು ಉದ್ದಕ್ಕೆ ಬರೆಯುವುದಕ್ಕಿಂತ ಮೂರು ಸಂಗತಿ ಬರೆಯಿರಿ: ಪಾಲಿಸಿಯ ಯಾವ ಷರತ್ತು ಹಣ ಕೊಡಬೇಕೆನ್ನುತ್ತದೆ, ಕಂಪನಿ ಯಾವ ಷರತ್ತು ತೋರಿಸಿ ನಿರಾಕರಿಸಿದೆ, 21(4) ಇದಕ್ಕೆ ಹೇಗೆ ಅನ್ವಯಿಸುತ್ತದೆ.

ಕಂಪನಿ ಬದಲಿಸಬೇಕು ಅನ್ನಿಸಿದವರು ನವೀಕರಣದ ದಿನಕ್ಕೆ ಕನಿಷ್ಠ 45 ದಿನ ಮೊದಲು ಪೋರ್ಟಿಂಗ್ ಅರ್ಜಿ ಹಾಕಬೇಕು. ಒಪಿಡಿ ರೈಡರ್ ಸೇರಿಸುವುದೂ ತೆಗೆಸುವುದೂ ಸಾಮಾನ್ಯವಾಗಿ ನವೀಕರಣದ ಹೊತ್ತಿನಲ್ಲೇ ಆಗುವುದರಿಂದ, ಹಿಂದಿನ ವರ್ಷದ ರಸೀದಿಗಳನ್ನು ಆಗ ಒಟ್ಟು ಕೂಡಿ, ಮೇಲಿನ ಲೆಕ್ಕಕ್ಕೆ ಹಾಕಿ ನೋಡಿ.